ಒಂದೇ ಒಂದು ಕೀಪರ್ ಜಾಗ

ಮಗಳ ಫುಟ್‌ಬಾಲ್ ಆಯ್ಕೆಗೆ ಹೊರಟ ದಿನ, ಭಾನುವಾರದ ಮೆಗಾ ಬ್ಲಾಕು ನಮ್ಮ ಲೈನಿಗೇ ಬಂದು ರೈಲು ನಿಂತುಬಿಡಬಹುದಿತ್ತು. ಹಳಿ ರಿಪೇರಿಗೆಂದು ಗಂಟೆಗಟ್ಟಲೆ ಗಾಡಿ ನಿಲ್ಲಿಸುವುದಕ್ಕೆ ಇಲ್ಲಿ ಆ ಹೆಸರು. ದಾದರಿನ ಮೇಲ್ಸೇತುವೆಯ ನೂಕುನುಗ್ಗಲಿನಲ್ಲಿ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಕೈತಪ್ಪಿ ಹೋಗಬಹುದಿತ್ತು. ಕನ್ನಡದಲ್ಲಿದ್ದ ಜನನ ಪ್ರಮಾಣಪತ್ರ ನೋಡಿ 'ಯೇ ಕ್ಯಾ ಲಿಖಾ ಹೈ?' ಎಂದು ಕ್ಲಬ್ಬಿನವರು ಕಾಗದ ವಾಪಸು ಕೊಡಬಹುದಿತ್ತು. ಮಗಳು ಅದೇ ದಿನ ಮುಟ್ಟಾಗಬಹುದಿತ್ತು. ಬೂಟಿನ ಲೇಸು ಹರಿಯಬಹುದಿತ್ತು. ಚೀಲದಲ್ಲಿ ಇನ್ನೊಂದು ಜೊತೆ ಇತ್ತು, ಅದೂ ಹರಿಯಬಹುದಿತ್ತು. ಬಾಳೆಹಣ್ಣು ತಿಂದು ವಾಂತಿಯಾಗಬಹುದಿತ್ತು, ತಿನ್ನದೆ ತಲೆ ಸುತ್ತಬಹುದಿತ್ತು. ಪ್ಲಾಸ್ಟಿಕ್ ಹುಲ್ಲಿನ ಮೇಲೆ ಬಿದ್ದು ಮುಂಗೈ ಮುರಿಯಬಹುದಿತ್ತು. ನಾನು ನನ್ನ ಹಿಂದಿಯಲ್ಲಿ ಗಂಡು ಹೆಣ್ಣು ಅದಲುಬದಲು ಮಾಡಿ ಕೋಚ್ ಮ್ಯಾಡಮ್ಮಿಗೆ 'ಆಪ್ ಬಹುತ್ ಅಚ್ಛಾ ಸಿಖಾತಾ ಹೈ' ಎಂದುಬಿಟ್ಟು ಮಗಳ ಭವಿಷ್ಯಕ್ಕೆ ಕಲ್ಲು ಹಾಕಬಹುದಿತ್ತು.

ಚಿಂತೆ ನಾನು ಗದಗಿನಿಂದಲೇ ಕಟ್ಟಿಕೊಂಡು ಬಂದ ಸಾಮಾನು. ಲಾರಿಯವರು ಮಿಕ್ಸರಿನ ಜಾರು ಒಡೆದರು, ದೇವರ ಫೋಟೋದ ಗಾಜು ಒಡೆದರು, ಇದನ್ನು ಮಾತ್ರ ಒಂದು ಗೆರೆ ಬೀಳದಂತೆ ಭಾಂಡುಪಿನ ನಾಲ್ಕನೇ ಮಹಡಿಗೆ ತಂದು ಮುಟ್ಟಿಸಿದರು. ಗಂಡನಿಗೆ ವರ್ಗವಾಗಿ ನಾವು ಬಂದು ಎರಡು ವರ್ಷ. ನನಗೆ ನಲವತ್ತೇಳು, ಮಗಳು ಪ್ರಣತಿಗೆ ಹನ್ನೆರಡು. ಊರಿನವರು ಫೋನಿನಲ್ಲಿ ಕೇಳುವುದು ಸಮುದ್ರದ ವಿಷಯ. ಸಮುದ್ರವನ್ನು ನಾನು ಎರಡು ಸಲ ನೋಡಿದ್ದೇನೆ. ದಿನವೂ ನೋಡುವುದು ಎದುರು ಬಿಲ್ಡಿಂಗಿನವರ ಒಗೆದ ಬಟ್ಟೆ.

ಈ ಊರಿನಲ್ಲಿ ನನ್ನನ್ನು ಮೊದಲು ಬೆಚ್ಚಿಬೀಳಿಸಿದ್ದು ಜನವಲ್ಲ, ರೈಲಲ್ಲ. ಮಕ್ಕಳ ಆಟಕ್ಕೂ ಕೊನೆಯ ದಿನಾಂಕವಿರುತ್ತದೆ ಎಂಬುದು. ಗದಗಿನಲ್ಲಿ ನಾವು ಆಡುವಾಗ ಆಯ್ಕೆಯೆಂದರೆ ಪಿ.ಟಿ. ಮಾಸ್ತರರ ತೋರುಬೆರಳು. 'ನೀ ಬಾ, ನೀ ಬಾ, ನೀ ಮನೀಗೆ ಹೋಗು.' ಮನೆಗೆ ಹೋದವಳು ಮರುದಿನ ಬಂದು ಸುಮ್ಮನೆ ನಿಂತರೆ, ಯಾರಿಗೋ ಜ್ವರ ಬಂದು ಅವಳೂ ಆಡುತ್ತಿದ್ದಳು. ಇಲ್ಲಿ ಅದು ಟ್ರಯಲ್ಸ್. ಬೆನ್ನಿಗೆ ನಂಬರಿರುವ ತೋಳಿಲ್ಲದ ಅಂಗಿ ಹಾಕಿಸಿ, ತಾಯಂದಿರನ್ನು ಬಲೆಯಾಚೆ ಕೂರಿಸಿ, ಮೂವರು ರಟ್ಟಿನ ಮೇಲೆ ಏನೋ ಗೀಚಿಕೊಳ್ಳುತ್ತಾರೆ. ಆಮೇಲೆ ಬರುವುದು ಕಮಿಟ್‌ಮೆಂಟ್. ಆಯ್ಕೆಯಾಯಿತೆಂದು ಮೆಸೇಜು ಬಂದ ಇಪ್ಪತ್ತನಾಲ್ಕು ಗಂಟೆಯೊಳಗೆ 'ಬರುತ್ತೇವೆ, ಈ ವರ್ಷ ಬೇರೆ ಕ್ಲಬ್ಬಿಗೆ ಆಡುವುದಿಲ್ಲ' ಎಂದು ಒಪ್ಪಿಗೆ ಕಳಿಸಬೇಕು. ಕಳಿಸದಿದ್ದರೆ ಜಾಗ ಮುಂದಿನವಳಿಗೆ. ನಮ್ಮ ಕಡೆ ಹೆಣ್ಣು ನೋಡಿ ಹೋದವರು ಕೂಡ 'ಕೇಳಿ ಹೇಳ್ತೀವ್ರಿ' ಎಂದು ಒಂದು ತಿಂಗಳು ಎಳೆಯುತ್ತಾರೆ. ಇಲ್ಲಿ ಆರು ಗಂಟೆ ಎಂದರೆ ಆರೇ. ಈ ನಗರದ ಪಾಠಗಳಲ್ಲಿ ನಾನು ತಪ್ಪಿಲ್ಲದೆ ಕಲಿತದ್ದು ಇದೊಂದನ್ನು.

ನಮ್ಮ ಬಿಲ್ಡಿಂಗಿನ ಹಿಂದೆ ಒಂದು ಚಾಳು, ಒಂಟಿ ಕೋಣೆಗಳ ಸಾಲುಮನೆ. ಅಲ್ಲಿ ವಿಜಯಪುರದ ಕಡೆಯ ಶಾಂತವ್ವ ಇದ್ದಾಳೆ. ಗಂಡ ಗೌಂಡಿ, ಅವಳೂ ಅದೇ ಕಟ್ಟಡ ಕೆಲಸಕ್ಕೆ ಹೋಗುತ್ತಾಳೆ. ಮಗಳು ರೇಣುಕಾಗೆ ಹದಿಮೂರು ದಾಟಿದೆ. ರೇಣುಕಾ, ಪ್ರಣತಿ ಇಬ್ಬರೂ ಗೋಲ್‌ಕೀಪರುಗಳು. ಇದು ಪ್ರತಿಭೆಯ ವಿಷಯವಲ್ಲ. ಕಾಂಪೌಂಡಿನ ಹುಡುಗರು ಹುಡುಗಿಯರನ್ನು ಆಟಕ್ಕೆ ಸೇರಿಸಿಕೊಂಡರೆ ಗೋಲಿನಲ್ಲೇ ನಿಲ್ಲಿಸುತ್ತಾರೆ, ಅಷ್ಟೆ. ನಿಂತು ನಿಂತು ರೇಣುಕಾ ಎಂಥ ಚೆಂಡನ್ನೂ ಹಿಡಿಯಲು ಕಲಿತಳು. ಪ್ರಣತಿ ನಿಲ್ಲಲು ಕಲಿತಳು.

ವಿಲೆ ಪಾರ್ಲೆಯ ಒಂದು ಫುಟ್‌ಬಾಲ್ ಕ್ಲಬ್ಬಿಗೆ ಹದಿನಾಲ್ಕರೊಳಗಿನ ಹುಡುಗಿಯರ ತಂಡಕ್ಕೆ ಎರಡನೇ ಕೀಪರ್ ಬೇಕೆಂದು ತಿಳಿಯಿತು. ಒಂದೇ ಜಾಗ, ಶುಲ್ಕವಿಲ್ಲ. ಆ ಕ್ಲಬ್ಬಿನಲ್ಲಿ ಅದಕ್ಕಿಂತ ದೊಡ್ಡ ಹುಡುಗಿಯರ ತಂಡವಿಲ್ಲ. ರೇಣುಕಾಗೆ ಇದೇ ಕೊನೆಯ ವರ್ಷ. ನನ್ನ ಮಗಳಿಗೆ ಮುಂದಿನ ವರ್ಷವೂ ಇತ್ತು. ಇದು ನನಗೆ ಆಮೇಲೆ ತಿಳಿದದ್ದಲ್ಲ. ಇಬ್ಬರ ಫಾರಂ ತುಂಬಿದವಳು ನಾನೇ, ಹುಟ್ಟಿದ ತಾರೀಕು ಬರೆದ ಕೈ ನನ್ನದೇ.

ಇಲ್ಲಿನ ನಮ್ಮ ಜನರಲ್ಲಿ ಒಂದು ರೂಢಿಯಿದೆ. ಶಾಲೆಯದಿರಲಿ, ರೇಷನ್ನಿನದಿರಲಿ, ಫಾರಮ್ಮಿನಲ್ಲಿ ಫೋನ್ ನಂಬರು ಬರೆಯುವ ಜಾಗಕ್ಕೆ ಓದುಬರಹ ಬಲ್ಲ ಯಾರಾದರೂ ಕನ್ನಡದವರ ನಂಬರು ಹಾಕಿಸುತ್ತಾರೆ. ತಮ್ಮ ಫೋನಿಗೆ ಇಂಗ್ಲಿಷಿನಲ್ಲಿ ಏನಾದರೂ ಬಂದರೆ ಓದುವವರಾರು? ಚಾಳಿನ ಐದಾರು ಮನೆಗಳಿಗೆ ಆ ನಂಬರು ನನ್ನದು.

"ನಿಮ್ಮದ ಹಾಕ್ರಿ ಅಕ್ಕಾರ," ಎಂದಿದ್ದಳು ಶಾಂತವ್ವ. "ನಮ್ಮ ಫೋನ್ ಬರೀ ಹಲೋ ಅನ್ನಾಕ ಐತಿ."

ಹೀಗೆ ಎರಡು ಫಾರಂ, ಒಂದು ನಂಬರು. ನನಗೆ ಹೆಮ್ಮೆಯೇ ಆಗಿತ್ತು.

ಟ್ರಯಲ್ಸಿನ ಭಾನುವಾರ ರೈಲು ಸರಿಯಾಗಿ ಬಂತು. ಕಾಗದಗಳನ್ನು ಯಾರೂ ಸರಿಯಾಗಿ ನೋಡಲೇ ಇಲ್ಲ. ಪಕ್ಕದ ಕುರ್ಚಿಯ ತಾಯಿ, ಕುದುರೆಬಾಲದ ಜುಟ್ಟು, ಓಟದ ಬೂಟು, ಎಲ್ಲಿಂದ ಬಂದಿರೆಂದು ಕೇಳಿದಳು. ಭಾಂಡುಪ್ ಎಂದೆ. "ಇತಕ್ಯಾ ಲಾಂಬೂನ್?" ಎಂದಳು. ಇಷ್ಟು ದೂರದಿಂದಲೇ ಎಂದರ್ಥ. ಗದಗ ಎಂದಿದ್ದರೆ ಏನನ್ನುತ್ತಿದ್ದಳೋ. ಆಮೇಲೆ ರೇಣುಕಾಳ ಕಡೆ ಗಲ್ಲ ಎತ್ತಿ, "ತೀ ತುಮಚ್ಯಾಕಡೇ ಕಾಮ್ ಕರತೇ ಕಾ?" ಎಂದು ಕೇಳಿದಳು. ಅವಳು ನಿಮ್ಮ ಮನೆಕೆಲಸದವಳೇ ಎಂದು. ನಾನು ನಕ್ಕೆ. ಇಲ್ಲ ಎನ್ನಲಿಲ್ಲ.

ಇಬ್ಬರಿಗೂ ಐದೈದು ಪೆನಾಲ್ಟಿ. ಪ್ರಣತಿ ಎರಡು ತಡೆದಳು, ಅದರಲ್ಲಿ ಒಂದು ಅವಳನ್ನೇ ಹುಡುಕಿಕೊಂಡು ಬಂದು ಹೊಟ್ಟೆಗೆ ಬಡಿದದ್ದು. ಆಮೇಲೆ ತನ್ನ ಗ್ಲೌಸು ಬಿಚ್ಚಿ ರೇಣುಕಾಗೆ ಕೊಟ್ಟಳು. ರೇಣುಕಾ ನಾಲ್ಕು ಹಿಡಿದಳು. ಮೊಣಕೈ ತರಚಿ ರಕ್ತ ಬರುತ್ತಿದ್ದರೂ ಐದನೆಯದಕ್ಕೂ ಹಾರಿದಳು. ರಟ್ಟಿನವರು ಗೀಚುವುದನ್ನು ನಿಲ್ಲಿಸಿ ನೋಡಿದರು. ಕುದುರೆಬಾಲದವಳು ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ, ಸ್ವಲ್ಪ ತಡವಾಗಿ.

ಮುಂದಿನ ಶನಿವಾರ ಸಂಜೆ ಆರಕ್ಕೆ ಎರಡು ಮೆಸೇಜು ಬಂದವು. ರೇಣುಕಾ: ಆಯ್ಕೆಯಾಗಿದ್ದಾಳೆ, ನಾಳೆ ಸಂಜೆ ಆರರೊಳಗೆ ಒಪ್ಪಿಗೆ ಕಳಿಸಿ. ಪ್ರಣತಿ: ಕಾಯುವ ಪಟ್ಟಿಯಲ್ಲಿ ಮೊದಲನೆಯವಳು.

ಹಾಲು ತರಲು ಇಳಿದಾಗ ಹೇಳೋಣ ಎಂದುಕೊಂಡೆ. ಹಾಲು ತಂದೆ. ಅಡುಗೆಯಾದ ಮೇಲೆ ಹೇಳೋಣ ಎಂದುಕೊಂಡೆ. ನಿಜವಾಗಿ ಮರೆತವರು ಇಷ್ಟು ಸಲ ನೆನಪಿಸಿಕೊಳ್ಳುವುದಿಲ್ಲ. ಚಿಂತೆ ಮಾಡುವವರಿಗೆ ಒಂದು ಅನುಕೂಲವಿದೆ, ಯಾವ ಕೆಲಸ ಮುಂದೂಡಲೂ ಕಾರಣ ತಯಾರಿರುತ್ತದೆ. ವಾರಕ್ಕೆ ಮೂರು ದಿನ ಆ ಹುಡುಗಿಯನ್ನು ಪಾರ್ಲೆಗೆ ಕರೆದೊಯ್ಯುವವರಾರು? ದಾದರಿನಲ್ಲಿ ಏನಾದರೂ ಆದರೆ? ಹೇಳಿ ಆಸೆ ಹುಟ್ಟಿಸಿ ಆಮೇಲೆ ಬಿಡಿಸಿದರೆ ಪಾಪವಲ್ಲವೇ? ಪ್ರಣತಿಯನ್ನು ಕರೆದೊಯ್ಯುವವರಾರು ಎಂಬ ಪ್ರಶ್ನೆ ಮಾತ್ರ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಶಾಂತವ್ವ ತಾನೇ ಮೇಲೆ ಬಂದಳು. ಕೈಯಲ್ಲಿ ಚಟ್ನಿಪುಡಿಯ ಒಂದು ಡಬ್ಬಿ.

"ಶೇಂಗಾ ಹಿಂಡಿ ಕುಟ್ಟೀನ್ರಿ ಅಕ್ಕಾರ. ಊರಿಂದ ಶೇಂಗಾ ಬಂದಿದ್ವು. ಏನರ ಸುದ್ದಿ ಬಂತೇನ್ರಿ, ಚೆಂಡಿನ ಮಂದೀದು?"

ಫೋನು ಅಡುಗೆಮನೆಯ ಕಟ್ಟೆಯ ಮೇಲೆ ಬೋರಲಾಗಿ ಬಿದ್ದಿತ್ತು.

"ಇನ್ನೂ ಏನೂ ಬಂದಿಲ್ಲವ್ವಾ."

"ಬಂದ್ರ ಒಂದ್ ದನಿ ಮಾಡ್ರಿ. ಇವತ್ತ ಕೆಲಸಕ್ಕ ಹೋಗಿಲ್ಲ, ಅದಕ್ಕಂತನ ಮನ್ಯಾಗ ಅದೀನಿ. ಹುಡುಗಿ ಮುಂಜಾನಿಂದ ಉಂಡಿಲ್ಲ."

"ಬಂದ ಕೂಡ್ಲೆ ಹೇಳ್ತೀನಿ. ಉಣ್ಣು ಅನ್ನು ಅಕಿಗೆ."

ಹೊರಟವಳನ್ನು ನಿಲ್ಲಿಸಿದೆ. ಹೇಳಲಿಕ್ಕಲ್ಲ. ಹಿಂಡಿಯನ್ನು ಬಟ್ಟಲಿಗೆ ಸುರಿದುಕೊಂಡು, ಡಬ್ಬಿ ತೊಳೆದು ಒರೆಸಿ, ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟೆ. ಡಬ್ಬಿ ಖಾಲಿ ಹಿಂದಿರುಗಿಸಬಾರದೆಂಬ ನಮ್ಮೂರ ಪದ್ಧತಿಯನ್ನು ನಾನು ಇಲ್ಲಿಯೂ ಬಿಟ್ಟಿಲ್ಲ.

ಆ ದಿನ ಗಡಿಯಾರ ನೋಡಿದಷ್ಟು ಹೆರಿಗೆ ಆಸ್ಪತ್ರೆಯಲ್ಲೂ ನೋಡಿರಲಿಲ್ಲ. ನಾಲ್ಕಾಯಿತು, ಐದಾಯಿತು. ಐದೂವರೆಗೆ ಚಪ್ಪಲಿ ಮೆಟ್ಟಿದ್ದು ನಿಜ, ಮೆಟ್ಟಿಲವರೆಗೆ ಹೋದದ್ದೂ ನಿಜ. ಲಿಫ್ಟು ಕೆಟ್ಟಿತ್ತು. ಅದನ್ನೇ ಶಕುನ ಎಂದುಕೊಂಡು ಒಳಗೆ ಬಂದೆ. ನಾಲ್ಕು ಮಹಡಿ ಇಳಿಯಲು ಮೂರು ನಿಮಿಷ ಸಾಕು. ಆರು ದಾಟಿ ಹತ್ತು ನಿಮಿಷಕ್ಕೆ ಪ್ರಣತಿಯ ಹೆಸರಿನ ಮೆಸೇಜು ಬಂತು: ಜಾಗ ಖಾಲಿಯಾಗಿದೆ, ಇಪ್ಪತ್ತನಾಲ್ಕು ಗಂಟೆಯೊಳಗೆ ತಿಳಿಸಿ. ನಾನು ಒಂದೇ ನಿಮಿಷದಲ್ಲಿ ತಿಳಿಸಿದೆ.

ಆಗ ಮೆಟ್ಟಿಲು ಇಳಿದೆ. ಪಟ್ಟಿ ಬಂತು, ಪ್ರಣತಿಗೆ ಆಗಿದೆ, ರೇಣುಕಾಗೆ ಆಗಿಲ್ಲ ಎಂದೆ. ಬೈದಿದ್ದರೆ, ಅನುಮಾನಪಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು. ಶಾಂತವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು, "ಹೋಗ್ಲಿ ಬಿಡ್ರಿ. ನಮ್ಮವರ ಪೈಕಿ ಒಬ್ಬಾಕಿಗರ ಆತಲ್ಲ," ಎಂದಳು. "ನೀವರ ಎಷ್ಟ್ ಬಡದಾಡಿದ್ರಿ ನಮ್ಮ ಸಲುವಾಗಿ."

ರೇಣುಕಾ ಬಾಗಿಲಲ್ಲಿ ನಿಂತಿದ್ದಳು. "ನಾ ನಾಕ್ ಹಿಡದಿದ್ನೆಲ್ರೀ ಆಂಟಿ?"

"ಹಿಡಿಯೋದೊಂದ ಅಲ್ಲವ್ವಾ. ಎತ್ತರಾನೂ ನೋಡ್ತಾರ."

ಬಾಯಿಗೆ ಬಂದದ್ದು ಅದು. ಪ್ರಣತಿಗಿಂತ ಅವಳು ಎರಡು ಬೆರಳು ಗಿಡ್ಡ. ಮರುದಿನದಿಂದ ರೇಣುಕಾ ಶಾಲೆ ಬಿಟ್ಟು ಬಂದ ಕೂಡಲೇ ಚಾಳಿನ ಮೆಟ್ಟಿಲ ಕೆಳಗಿನ ಕಬ್ಬಿಣದ ಸರಳಿಗೆ ಜೋತು ಬೀಳತೊಡಗಿದಳು. ಉದ್ದವಾಗಲು. ನನ್ನ ಅಡುಗೆಮನೆಯ ಕಿಟಕಿಗೆ ಅದು ಸರಿಯಾಗಿ ಕಾಣುತ್ತದೆ. ಈಗ ಒಗೆದ ಬಟ್ಟೆಗಳ ಕಡೆಯ ಕಿಟಕಿಯಲ್ಲೇ ನಿಲ್ಲುತ್ತೇನೆ.

ಗದಗಿನಲ್ಲಿದ್ದರೆ ಹೀಗೆ ಮಾಡುತ್ತಿರಲಿಲ್ಲ, ಮುಂಬೈ ನನ್ನನ್ನು ಕೆಡಿಸಿತು ಎಂದು ಬರೆಯಲು ಕುಳಿತಿದ್ದೆ. ಓದುವ ನಿಮಗೂ ಅದು ಹಿತವಾಗುತ್ತಿತ್ತು. ಆದರೆ ಈ ಊರು ನನ್ನನ್ನು ಏನೂ ಕೇಳಲಿಲ್ಲ. ಒಂದು ಸಮಯ ಕೊಟ್ಟಿತು, ಅಷ್ಟೆ. ಪಾರ್ಲೆಯ ಕುರ್ಚಿಗಳಲ್ಲಿ ನಾನು ಇಷ್ಟು ದೂರದಿಂದ ಬರುವವಳು. ಚಾಳಿನಲ್ಲಿ ನಾನು ನಮ್ಮಾಕಿ. ಮೊನ್ನೆ ಶಾಂತವ್ವ ಇನ್ನಿಬ್ಬರು ಹೆಂಗಸರನ್ನು ಕರೆತಂದಿದ್ದಳು, ಮಕ್ಕಳ ಶಾಲೆಯ ಫಾರಂ ಹಿಡಿದು. "ಅಕ್ಕಾರ ನಂಬರ ಹಾಕಸ್ರಿ. ಏನ್ ಬಂದ್ರೂ ಹೇಳ್ತಾರ." ನಾನು ಬರೆದುಕೊಟ್ಟೆ. ಎರಡೂ ಕಡೆ ನನಗೆ ಜಾಗವಿದೆ. ಎರಡೂ ಕಡೆ ಯಾರೂ ಸರಿದು ಕೂರು ಎನ್ನುವುದಿಲ್ಲ. ನಡುವಿನ ರೈಲಿನಲ್ಲಿ ಮಾತ್ರ ಉಸಿರಾಡುತ್ತೇನೆ.

ಹೆದರಿದ್ದ ಯಾವುದೂ ಆಗಲಿಲ್ಲ. ಮುಂಗೈ ಮುರಿಯಲಿಲ್ಲ, ಲೇಸು ಹರಿಯಲಿಲ್ಲ, ದಾದರಿನಲ್ಲಿ ಯಾರೂ ಕಳೆದುಹೋಗಲಿಲ್ಲ. ಕೆಟ್ಟದ್ದು ಒಂದೇ ಒಂದು ಸಣ್ಣ ವಿಷಯ.

ಮೊದಲ ಪ್ರಾಕ್ಟೀಸಿನ ದಿನ ಪ್ರಣತಿ ನನ್ನ ಪಕ್ಕ ಕುಳಿತು ಬೂಟು ಕಟ್ಟುತ್ತಿದ್ದಳು. ಕೋಚ್ ಮ್ಯಾಡಮ್ ಬಂದು, ಕೋಪವೇನೂ ಇಲ್ಲದೆ, ಕೇಳಿದಳು: "ವೋ ದೂಸರೀ ಲಡಕೀ ಕ್ಯೂಂ ನಹೀ ಆಯೀ? ಪಹಲಾ ನಾಮ್ ತೋ ಉಸೀ ಕಾ ಥಾ. ಮೆಸೇಜ್ ಆಪ್ ಹೀ ಕೇ ನಂಬರ್ ಪೇ ಗಯಾ ಥಾ, ಬ್ಲೂ ಟಿಕ್ ಭೀ ಆಯಾ." ಆ ಇನ್ನೊಬ್ಬಳು ಯಾಕೆ ಬರಲಿಲ್ಲ, ಮೊದಲ ಹೆಸರು ಅವಳದೇ, ಮೆಸೇಜು ನಿಮ್ಮ ನಂಬರಿಗೇ ಬಂದಿತ್ತು, ನೀವು ಓದಿದ್ದಕ್ಕೆ ನೀಲಿ ಗುರುತೂ ಬಂದಿದೆ ಎಂದು. ಅವಳ ಮನೆಯಲ್ಲಿ ಒಪ್ಪಲಿಲ್ಲ ಎಂದೆ. ಮ್ಯಾಡಮ್ ತಲೆಯಾಡಿಸಿ ಹೋದಳು. ಪ್ರಣತಿಯ ಕೈ ಲೇಸಿನ ಮೇಲೆ ನಿಂತಿತ್ತು. ಆಮೇಲೆ ಗಂಟು ಬಿಗಿದು, ಎದ್ದು, ಆಡಲು ಹೋದಳು.

ವಾಪಸು ಬರುವಾಗ ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಅವಳು ಅಳುತ್ತಾಳೆ, ನಾಳೆಯಿಂದ ಬರುವುದಿಲ್ಲ ಎನ್ನುತ್ತಾಳೆ, ಇಳಿದ ಕೂಡಲೇ ರೇಣುಕಾಳ ಮನೆಗೆ ಓಡುತ್ತಾಳೆ ಎಂದು ಕಾದೆ. ದಾದರ್ ಬಿಟ್ಟ ಮೇಲೆ ನನ್ನ ಚೀಲಕ್ಕೆ ಕೈಹಾಕಿ ಫೋನು ತೆಗೆದುಕೊಂಡಳು. ಬೆರಳು ಎರಡು ಮೂರು ಕಡೆ ಒತ್ತಿತು.

"ಏನ್ ಮಾಡ್ಲಿಕತ್ತೀ?"

"ಸೆಟ್ಟಿಂಗ್. ಬ್ಲೂ ಟಿಕ್ ಬಂದ್ ಮಾಡಿದೆ," ಎಂದು ಫೋನನ್ನು ನನ್ನ ತೊಡೆಯ ಮೇಲಿಟ್ಟಳು. "ಇನ್ನ ನೀ ಓದಿದ್ದು ಯಾರಿಗೂ ಗೊತ್ತಾಗಂಗಿಲ್ಲ, ಅಮ್ಮಾ."