ಹೊರಗೆ ಬಿಟ್ಟುಹೋದ ತಾಳಿ

ಒಂದು ಸ್ತನ ಕ್ಯಾನ್ಸರಿಗೆ ಹೋಯಿತು. ಉಳಿದಿರುವುದಕ್ಕೆ ವರ್ಷವರ್ಷವೂ ಮ್ಯಾಮೊಗ್ರಾಮ್. ಈ ಸಲ ನಮ್ಮವರಿಗೆ ರಜೆ ಸಿಗಲಿಲ್ಲ. "ಕೊರಳಲ್ಲಿ ಏನೂ ಇರಬಾರದು" ಎಂದಳು ನರ್ಸ್. ತಾಳಿ ಎಲ್ಲಿಡಲಿ? ನನ್ನಂತೆಯೇ ಒಬ್ಬರೇ ಬಂದು ಪಕ್ಕದಲ್ಲಿ ಕೂತಿದ್ದ ಹಿನಕಲ್ ಊರಿನವರೆಂದ ಹೆಂಗಸು ಕೈ ಚಾಚಿದರು.

"ಕೊಡವ್ವ, ನಾನಿರ್ತೀನಿ."

ಗುರುತಿಲ್ಲ, ಪರಿಚಯವಿಲ್ಲ. ಕೊಟ್ಟುಬಿಟ್ಟೆ. ಒಳಗೆ ಮೆಷಿನ್ನು ಎದೆ ಅದುಮುತ್ತಿದ್ದರೆ ನನ್ನ ಜೀವವೆಲ್ಲ ಹೊರಗಿನ ತಾಳಿಯ ಮೇಲೆ. ಮತ್ತೆ ಗಂಟು ಕಂಡೀತೆಂಬ ಭಯವೂ ಮರೆತುಹೋಗಿತ್ತು. ಓಡಿಬಂದು ನೋಡಿದರೆ ಅವರ ಕೈ ಖಾಲಿ!

ಆಕೆ ಸೆರಗು ಸರಿಸಿದರು. ತಮ್ಮ ತಾಳಿಯ ಜೊತೆ ನನ್ನದನ್ನೂ ಹಾಕಿಕೊಂಡಿದ್ದರು.

"ಎಲ್ಲಾದ್ರೂ ಬಿದ್ದೋದ್ರೆ ಅಂತ ಹಾಕ್ಕೊಂಬುಟ್ಟೆ ಕಣವ್ವ. ಈಗ ನನ್ನ ಸರದಿ, ಎರಡೂ ನೀನ್ ಹಾಕ್ಕೊ."

ಹಾಕಿಕೊಂಡು, ರಿಪೋರ್ಟಿಗೆ ಕಾಯುತ್ತಾ ಕೂತೆ. ಕೊರಳಲ್ಲಿ ಇಬ್ಬರು ಗಂಡಂದಿರ ತಾಳಿ. ಜೊತೆಗೆ ಬಂದವರು ಒಬ್ಬರೂ ಇಲ್ಲ.