ಹಗೇವಿನ ಲಾಟೀನು ಮತ್ತು ಒಂದು ಟೇಪು

ಬಮ್ಮಿಗಟ್ಟಿಯ ಕೆರೆದಂಡೆಗೆ ನಿಂತ ಸಮೀಕ್ಷೆಯ ವ್ಯಾನಿನಲ್ಲಿ ಅಂದು ಮೂವರಿದ್ದೆವು: ನಮ್ಮ ಹಿರಿಯ ಅಧಿಕಾರಿಗಳು, ಜನರೇಟರ್ ನೋಡಿಕೊಳ್ಳುತ್ತಿದ್ದ ಅದೇ ಊರಿನ ಕಾಕಾ, ಮತ್ತು ವ್ಯಾನಿನ ಸಣ್ಣ ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುತ್ತಿದ್ದ ನಾನು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನೆಲದಡಿಯ ನೀರು ಹುಡುಕಲು ಬೇಸಿಗೆಯುದ್ದಕ್ಕೂ ಹೊಲ ಸುತ್ತಿ ಅಳೆದದ್ದೆಲ್ಲ ಒಂದೇ ಟೇಪಿನಲ್ಲಿತ್ತು, ಬೇರೆ ಪ್ರತಿ ಇರಲಿಲ್ಲ. ಆ ಟೇಪು ಯಂತ್ರದೊಳಗಿದ್ದಾಗಲೇ ಜನರೇಟರ್ ನಿಂತುಹೋಯಿತು. ಮತ್ತೆ ಕರೆಂಟು ಕೊಟ್ಟು, ಪ್ರೋಗ್ರಾಮು ಅದನ್ನು ಮೊದಲ ತುದಿಗೆ ಸುತ್ತಿಸದ ಹೊರತು ಯಂತ್ರದ ಬಾಗಿಲು ತೆರೆಯದು.

ಹೆದರಿಕೆ ಇದ್ದದ್ದೇ ಅಲ್ಲಿ. ಹಿಂದಿನ ವಾರ ಹೀಗೇ ಕರೆಂಟು ಹೋಗಿ ಬಂದಾಗ ಪರೀಕ್ಷೆಯ ಟೇಪೊಂದು ಅಳಿಸಿಹೋಗಿತ್ತು. ಟೇಪಿನ ಯಂತ್ರ ಕಣ್ಣು ಬಿಡುವಾಗ ಅದರೊಳಗೆ ಏನೇನೋ ಅಪ್ಪಣೆ ಸೇರಿಕೊಂಡಿರುತ್ತಿತ್ತು, ಕೆಲವೊಮ್ಮೆ ‘ಬರೆ’ ಎಂಬುದೇ. ನಮ್ಮ ಪ್ರೋಗ್ರಾಮು ಅದನ್ನು ತೊಳೆಯದೆ, ಸಿದ್ಧವೋ ಇಲ್ಲವೋ ಕೇಳದೆ, ನೇರವಾಗಿ ಓಡಿಸಿಬಿಡುತ್ತಿತ್ತು.

“ಇದು ಹೋದ್ರ ಮತ್ತ ಎಲ್ಲಾ ಹೊಲಾ ಅಳೀಬೇಕಾಕ್ಕೈತಿ,” ಎಂದರು ಹಿರಿಯರು.

“ಬಿತ್ತಿಗಿ ಆಗೈತ್ರಿ ಸಾಹೇಬ್ರ. ನನ್ನ ಹೊಲದಾಗ ಕಾಲಿಟ್ರ ನಿಮ್ಮ ವ್ಯಾನ ಕೆರಿಗೆ ದಬ್ಬತೀನಿ,” ಎಂದರು ಕಾಕಾ. ಹೋಗಿ ಜನರೇಟರ್ ಮತ್ತೆ ಚಾಲೂ ಮಾಡಿದರು.

ಕಂಪ್ಯೂಟರಿಗಷ್ಟೇ ಕರೆಂಟು ಕೊಟ್ಟು, ಅದರ ಮುಂದಿನ ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತಿ ಪ್ರೋಗ್ರಾಮು ತಿದ್ದಿದೆ.

“ಏನ ಬದಲ ಮಾಡಿದಿಪಾ?” ಹಿರಿಯರು ಕೇಳಿದರು.

“ನಮ್ಮ ನವಲಗುಂದದ ಕಡೆ ನೆಲದಾಗ ಹಗೇವು ತೋಡಿ ಜ್ವಾಳಾ ತುಂಬತೀವಲ್ರಿ, ಅದರ ಬಾಯಿ ತಗದ ಕೂಡ್ಲೆ ಯಾರನ್ನೂ ನಮ್ಮ ಆಯಿ ಇಳಿಸ್ತಿದ್ದಿಲ್ಲ. ಒಳಗ ಕೆಟ್ಟ ಗಾಳಿ. ಮದಲ ಅದು ಹೋಗಬೇಕು, ಆಮ್ಯಾಲೆ ಲಾಟೀನ ಇಳಿಸಿ ನೋಡಬೇಕು. ದೀಪ ಆರದ ಉರದ್ರ ಮನಷ್ಯಾ ಇಳಿಯೂದು. ಇದೂ ಹಂಗರಿ. ಪ್ರೋಗ್ರಾಮು ಮದಲ ಯಂತ್ರಕ್ಕ ಎಲ್ಲಾ ಮರತಬಿಡು ಅಂತೈತಿ, ಆಮ್ಯಾಲೆ ತಯಾರ ಅದೀಯೇನು ಅಂತ ಕೇಳತೈತಿ. ಹೂಂ ಅನ್ನೂತನಕಾ ಕಾಯತೈತಿ.”

“ದೀಪ ಆರಿದ್ರ?” ಕಾಕಾ ಕೇಳಿದರು.

ಟೇಪಿನ ಯಂತ್ರದ ಸ್ವಿಚ್ಚು ಹಾಕಿದೆ. ತಯಾರಿದೆ ಎಂದು ತೋರಿಸುವ ಹಸಿರು ದೀಪ ಹತ್ತಲಿಲ್ಲ, ಸುರುಳಿ ಅಲುಗಲಿಲ್ಲ. ಹಿರಿಯರ ಕೈ ಸ್ವಿಚ್ಚಿನತ್ತ ಹೋಯಿತು.

“ಮುಟ್ಟಬ್ಯಾಡ್ರಿ, ಅದಿನ್ನಾ ಕಾಯಾಕತ್ತೈತಿ!” ಎಂದು ಕೂಗಿಯೇ ಬಿಟ್ಟೆ. ಅವರ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಅವರು ಕೈ ಹಿಂದೆ ತೆಗೆದುಕೊಂಡರು.

ಆಮೇಲೆ ದೀಪ ಹತ್ತಿತು. ಸುರುಳಿ ಮೆಲ್ಲಗೆ ಹಿಂದಕ್ಕೆ ತಿರುಗಿತು, ಬಾಗಿಲು ತೆರೆಯಿತು. ಒಳಗಿನದು ಉಳಿದಿದೆಯೋ ಇಲ್ಲವೋ ಓದಿಸಿ ನೋಡುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಹಿರಿಯರು ಅದನ್ನು ಟವೆಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡೇ ಹುಬ್ಬಳ್ಳಿ ಬಸ್ಸು ಹತ್ತಿದರು.

ಮುಂದಿನ ವಾರ ಅವರು ಟೇಪಿನ ಅಳತೆಗಳೆಲ್ಲ ಅಚ್ಚಾದ ಉದ್ದನೆಯ ಕಾಗದದ ಸುರುಳಿಯೊಂದಿಗೆ ಬಂದರು. ಟೇಪು ಪೂರ್ತಿ ಉಳಿದಿತ್ತು. ಕಾಕಾ ಕಾಗದದ ಮೇಲೆ ತಮ್ಮ ಹೊಲದ ಗೆರೆ ಯಾವುದೆಂದು ಕೇಳಿ, ಅದರ ಮೇಲೆ ಒಮ್ಮೆ ಬೆರಳಾಡಿಸಿ, ಜನರೇಟರಿಗೆ ಎಣ್ಣೆ ಹಾಕಲು ಹೋದರು.