ಕರಗಬಾರದ ರಕ್ತ

ಅವರ ಬಲಗೈಯ ಬೆರಳ ತುದಿಗಳು ಸುಣ್ಣ ಸವರಿದಂತೆ ಬೆಳ್ಳಗಿದ್ದವು, ಅಲ್ಲಲ್ಲಿ ಸಿಪ್ಪೆ ಎದ್ದಿತ್ತು. ಹೊಗೆಯಾಡುವ ಡ್ರೈ ಐಸನ್ನು ಗ್ಲೌಸ್ ಇಲ್ಲದೆ ಮುಟ್ಟಿ ಸುಟ್ಟುಕೊಂಡದ್ದು. ಕಾಶಿಯ ಹನುಮಾನ್ ಘಾಟಿನ ನಮ್ಮ ಮನೆಯ ಮಹಡಿ ಕೋಣೆಯನ್ನು ಬಾಡಿಗೆಗೆ ಕೇಳಲು ಬಂದ ದಿನ, ಆ ಕೈ ನೋಡಿ ನಮ್ಮತ್ತೆ "ಇದೇನಮ್ಮಾ ರೋಗ?" ಎಂದು ಹಿಂದೆ ಸರಿದರು.

"ರೋಗ ಅಲ್ಲಮ್ಮಾ, ಅವಸರ" ಎಂದು ನಕ್ಕರು ಅವರು.

ಅವರನ್ನು ನಾವು ಡಾಕ್ಟರಮ್ಮ ಎಂದೇ ಕರೆದೆವು. ದಾವಣಗೆರೆ ಕಡೆಯವರು. ಮಕ್ಕಳ ಉಬ್ಬಸದ ಮೇಲೆ ಸಂಶೋಧನೆ ಮಾಡಲು ಕಾಶಿಗೆ ಬಂದಿದ್ದರು. ಮಕ್ಕಳ ರಕ್ತವನ್ನು ಪುಟ್ಟ ಕೊಳವೆಗಳಲ್ಲಿ ಹಾಕಿ ಪ್ರಯೋಗಾಲಯದ ದೊಡ್ಡ ಫ್ರೀಜರಿನಲ್ಲಿ ಇಡುತ್ತಿದ್ದರು. ಕರಗಿದರೆ ಅದರಲ್ಲಿ ತಾವು ಹುಡುಕುವ ಆರ್‌ಎನ್‌ಎ ಎಂಬ ಸೂಕ್ಷ್ಮ ಎಳೆ ಉಳಿಯುವುದಿಲ್ಲ ಎನ್ನುತ್ತಿದ್ದರು. ಹಾಗಾಗಿ ಕರೆಂಟು ಹೋದರೆ ಸಾಕು, ಚಹಾದ ಲೋಟ ಕೆಳಗಿಟ್ಟು ಮೊಬೈಲ್ ಹಿಡಿಯುವರು. "ಜನರೇಟರ್ ಚಾಲೂ ಹುವಾ, ಭಯ್ಯಾ?" ಅತ್ತಲಿಂದ ಹೂಂ ಎಂದ ಮೇಲೆಯೇ, ಆರಿಹೋದ ಚಹಾ ಕುಡಿಯುವರು.

ನಮ್ಮ ಮನೆಯವರು ಪುರೋಹಿತರು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಪಿಂಡದಾನ ಮಾಡಿಸುವವರು. ಒಮ್ಮೆ ಡಾಕ್ಟರಮ್ಮನನ್ನು ಕೆಣಕಿದರು. "ಏನಮ್ಮಾ ಡಾಕ್ಟರೇ, ನೀವು ಓದೋ ಆ ಆರ್‌ಎನ್‌ಎ ಪ್ರೋಟೀನೇ ಮಾಡಲ್ಲ ಅಂತೀರಿ. ಅಂಥ ಸೋಮಾರಿ ಯಾಕೆ ಬೇಕು?"

"ಶ್ರಾದ್ಧದ ದಿನ ನಿಮ್ಮಮ್ಮ ಏನು ಮಾಡ್ತಾರೆ?"

"ಸೌಟು ಮುಟ್ಟಲ್ಲ. ಬಾಗಿಲಲ್ಲಿ ಕೂತು 'ಉಪ್ಪು ಸಾಕು, ಉರಿ ಸಾಕು' ಅಂತಾರೆ. ಆ ಅಡುಗೇನ ರುಚಿ ನೋಡೋ ಹಾಗಿಲ್ಲವಲ್ಲ."

"ಅವರು ಒಂದು ದಿನ ಸುಮ್ಮನೆ ಕೂತರೆ?"

"ಬ್ರಾಹ್ಮಣರು ಎಲೆ ಬಿಟ್ಟು ಎದ್ದು ಹೋಗ್ತಾರೆ!"

"ಅಷ್ಟೇ. ಇವೂ ತಾವು ಏನೂ ಬೇಯಿಸಲ್ಲ, ಸಾಕು ಅಂತ ಹೇಳೋವು. ಉಬ್ಬಸದ ಮಕ್ಕಳಲ್ಲಿ ಅಂಥ ಕೆಲವು ಬಾಯಿ ಮುಚ್ಚಿ ಕೂತಿವೆಯೋ ಏನೋ, ಶ್ವಾಸನಾಳದ ಊತ ನಿಲ್ಲಲ್ಲ. ಅದನ್ನೇ ಹುಡುಕ್ತಾ ಇದ್ದೀನಿ."

ಒಳಗಿನಿಂದ ಅತ್ತೆಯ ಕೂಗು: "ನನ್ನ ಯಾವುದಕ್ಕೆ ಹೋಲಿಸ್ತಿದ್ದಾಳೋ ಆ ಹುಡುಗಿ?"

ನನ್ನ ಮಗಳಿಗೆ ಕೂಸಾಗಿದ್ದಾಗಿನಿಂದ ಉಬ್ಬಸ. ಎದೆಯೊಳಗೆ ಸದಾ ಒಂದು ಸಿಳ್ಳೆ. ಡಾಕ್ಟರಮ್ಮನ ತಣ್ಣನೆಯ ಕೈಯನ್ನು ತಾನೇ ಎಳೆದು ಎದೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ನಮ್ಮಿಬ್ಬರ ಒಪ್ಪಿಗೆ ಕೇಳಿ ಅವಳ ರಕ್ತವನ್ನೂ ಒಂದು ದಿನ ತೆಗೆದರು. ಅತ್ತವಳನ್ನು ಸಮಾಧಾನ ಮಾಡುತ್ತ, "ನಿನ್ನ ರಕ್ತ ಈಗ ಐಸ್‌ಕ್ರೀಮ್ ಆಗುತ್ತೆ ಕಣೆ" ಎಂದರು. ಯಾರು ತಿನ್ನುತ್ತಾರೆ ಎಂದು ಮಗಳು ಕಣ್ಣೊರೆಸಿಕೊಂಡು ತನ್ನ ಹಿಂದಿಯಲ್ಲಿ ಕೇಳಿದಳು: "ಕೌನ್ ಖಾಯೇಗಾ, ದೀದಿ?"

ಆ ಮಾಘದ ಚಳಿಯಲ್ಲಿ ಮಗಳು ಹೋದಳು. ಆಸ್ಪತ್ರೆಯಲ್ಲಿ ಮಾಡಬೇಕಾದ್ದನ್ನೆಲ್ಲ ಮಾಡಿದರು. ನಮ್ಮಲ್ಲಿ ಎಳೆಯ ಮಕ್ಕಳನ್ನು ಸುಡುವುದಿಲ್ಲ, ಗಂಗೆಗೆ ಬಿಡುತ್ತೇವೆ. ಅವರಿಗೆ ಪಿಂಡವಿಲ್ಲ, ಶ್ರಾದ್ಧವಿಲ್ಲ. ಊರವರ ಮನೆಯಲ್ಲಿ ಸತ್ತವರಿಗೆಲ್ಲ ಮಂತ್ರ ಹೇಳಿದ ನಮ್ಮ ಮನೆಯವರಿಗೆ ಸ್ವಂತ ಮಗಳಿಗಾಗಿ ಹೇಳಲು ಏನೂ ಇರಲಿಲ್ಲ. ಅವರ ಕೈಗಳು ಸುಮ್ಮನಿರುತ್ತಿರಲಿಲ್ಲ, ದರ್ಭೆ ಹೊಸೆಯುತ್ತಲೇ ಇರುತ್ತಿದ್ದವು. ಆಗ ಅವರಿಗೆ ಆ ಕೊಳವೆ ನೆನಪಾಯಿತು.

"ಅವಳ ರಕ್ತ ಇನ್ನೂ ಈ ಊರಲ್ಲಿ ಪೆಟ್ಟಿಗೇಲಿ ಇದೆ. ಅದು ಇರೋವರೆಗೂ ಮಗು ಹೇಗೆ ಹೋಗುತ್ತೆ? ಅದನ್ನ ಕೊಟ್ಟುಬಿಡಿ, ಗಂಗೆಗೆ ಬಿಡ್ತೀನಿ" ಎಂದರು.

ಡಾಕ್ಟರಮ್ಮ ವಾದ ಮಾಡಲಿಲ್ಲ. "ಅದು ನಿಮ್ಮದು. ನೀವು ಕೇಳಿದ ಮೇಲೆ ಕೊಡಲೇಬೇಕು" ಎಂದರು. ಮರುದಿನ ಬೆಳಿಗ್ಗೆ ಬಿಳಿ ಥರ್ಮಕೋಲ್ ಡಬ್ಬಿಯನ್ನು ಎದೆಗವಚಿಕೊಂಡು ಘಾಟಿನ ಮೆಟ್ಟಿಲಿಗೆ ಬಂದರು. ಮುಚ್ಚಳದ ಸಂದಿಯಿಂದ ಹೊಗೆ ಬರುತ್ತಿತ್ತು. ನಮ್ಮ ಮನೆಯವರು ಕೈ ಚಾಚಿದರು. ಡಾಕ್ಟರಮ್ಮ ಕೊಡದೆ ನನ್ನ ಕಡೆ ತಿರುಗಿದರು.

"ಅಕ್ಕಾ, ನೀವೂ ಹೂಂ ಅನ್ನಬೇಕು."

ಮಗಳು ಹೋದಾಗಿನಿಂದ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಹೊತ್ತುಕೊಂಡು ಹೋಗುವಾಗಲೂ ಕೇಳಿರಲಿಲ್ಲ.

"ಇದರಿಂದ ಏನಾದರೂ ಗೊತ್ತಾಗುತ್ತಾ?" ಎಂದೆ.

"ಗೊತ್ತಿಲ್ಲ ಅಕ್ಕಾ. ಆಗಬಹುದು, ಆಗದೇನೂ ಇರಬಹುದು. ಸುಳ್ಳು ಹೇಳಲ್ಲ."

"ವಾಪಸ್ ಇಟ್ಟುಬಿಡಿ. ಅವಳದು ಅಂತ ಅಷ್ಟಾದರೂ ಇರಲಿ."

ನಮ್ಮ ಮನೆಯವರ ಕೈ ಬಹಳ ಹೊತ್ತು ಚಾಚಿಯೇ ಇತ್ತು. ಕೊನೆಗೆ ಬಗ್ಗಿ, ಬೊಗಸೆಯಲ್ಲಿ ಗಂಗೆಯ ನೀರು ತಂದು ಆ ಡಬ್ಬಿಯ ಮೇಲೆ ಚಿಮುಕಿಸಿದರು. "ಬೇಗ ಹೋಗಿ, ಕರಗುತ್ತೆ" ಎಂದರು. ಡಾಕ್ಟರಮ್ಮ ಮೆಟ್ಟಿಲು ಹತ್ತಿ ರಿಕ್ಷಾದ ಕಡೆ ಓಡಿದರು, ಎತ್ತಿಕೊಂಡ ಮಗುವಿನ ತಲೆ ಕಾಯುವ ಹಾಗೆ ಮುಚ್ಚಳದ ಮೇಲೆ ಅಂಗೈ ಇಟ್ಟುಕೊಂಡು.

ಮುಂದೆ ಡಾಕ್ಟರಮ್ಮನಿಗೇ ಕಾಯಿಲೆ ಬಂತು. ಊರಿಗೆ ಹೊರಡುವಾಗ, "ನನ್ನ ಜಾಗಕ್ಕೆ ಬಂದವರಿಗೆ ಹೇಳಿದ್ದೀನಿ ಅಕ್ಕಾ, ಆ ಕೊಳವೇನ ನೋಡ್ಕೋತಾರೆ" ಎಂದರು. ಮತ್ತೆ ಬರಲಿಲ್ಲ. ಸುದ್ದಿ ಫೋನಿನಲ್ಲಿ ಬಂತು. ಮಗಳಿಗೆ ಬಿಡಲಾಗದ ಎಳ್ಳುನೀರನ್ನು ನಮ್ಮ ಮನೆಯವರು ಅವರಿಗೆ ಬಿಟ್ಟರು.

ಆ ಕೊಳವೆ ಏನು ಹೇಳಿತೋ ನನಗೆ ಗೊತ್ತಿಲ್ಲ. ಅದು ಇನ್ನೂ ಇದೆಯೋ ಇಲ್ಲವೋ ಎಂದು ಹೋಗಿ ಕೇಳಲು ಧೈರ್ಯವಿಲ್ಲ. ಈಗಲೂ ಕರೆಂಟು ಹೋದರೆ ನಾನು ಕೈಯ ಕೆಲಸ ನಿಲ್ಲಿಸುತ್ತೇನೆ. ಆ ಕತ್ತಲೆಯಲ್ಲಿ ಒಂದು ಸಣ್ಣ ಸಿಳ್ಳೆ ಕೇಳಿಸಿದಂತಾಗುತ್ತದೆ. ಪಡಸಾಲೆಯಲ್ಲಿ ಜಪ ಮಾಡುತ್ತಿದ್ದ ನಮ್ಮ ಮನೆಯವರೂ ನಿಲ್ಲಿಸುತ್ತಾರೆ.

"ಜನರೇಟರ್ ಹಾಕಿರ್ತಾರಲ್ಲ?" ಎನ್ನುತ್ತಾರೆ.

"ಹಾಕಿರ್ತಾರೆ" ಎನ್ನುತ್ತೇನೆ.